ಅಮೆರಿಕಕ್ಕೆ ಹೋಗಿಬಂದ ಕಾರು

ಹೆಟ್ಟಿ ಗಾರ್ಲಿಕ್ ಯಾವ ಕಾರನ್ನು ಪರೀಕ್ಷಿಸುವಾಗಲೂ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಬಾಗಿಲು ತೆಗೆದು, ಸೀಟಿನ ಅಂಚಿಗೆ ಬೆರಳಿಟ್ಟು ಹೊಲಿಗೆಯನ್ನು ಸವರುತ್ತಿದ್ದಳು. "ಇದು ಅರವತ್ತೆಂಟರ ಮಾರ್ಚ್ ಆದಮೇಲಿನದು" ಅನ್ನುತ್ತಿದ್ದಳು. ಆಮೇಲೆ ಕಾರಿನ ಸಂಖ್ಯೆ ನೋಡಿದರೆ ಹೌದು, ಏಪ್ರಿಲ್. ಆ ಮಾರ್ಚಿನಲ್ಲಿ ಅವಳ ವಿಭಾಗಕ್ಕೆ ಹೊಸ ಹೊಲಿಗೆ ಯಂತ್ರಗಳು ಬಂದು ಹೊಲಿಗೆ ಒತ್ತೊತ್ತಾಗಿತ್ತು. ಇಪ್ಪತ್ತೆರಡು ವರ್ಷ ಇಂಗ್ಲೆಂಡಿನ ಕವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ ಟ್ರಯಂಫ್ ಕಾರುಗಳಿಗೆ ಸೀಟು ಹೊಲಿದವಳು ಅವಳು. ನಾನು ಅದೇ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದೆ. ಹೆಸರು ಸಿರಿಲ್. ಈ ಕಥೆಯಲ್ಲಿ ನನ್ನ ಪಾಲು ದೊಡ್ಡದಲ್ಲ, ಇರುವಷ್ಟು ಹೇಳಿಕೊಳ್ಳುವಂಥದ್ದೂ ಅಲ್ಲ. ಆದರೆ ಅದನ್ನು ಬಿಟ್ಟು ಹೇಳಿದರೆ ಹೆಟ್ಟಿಗೆ ಆದದ್ದು ಪೂರ್ತಿ ತಿಳಿಯುವುದಿಲ್ಲ.

ಕ್ಯಾನ್ಲಿಯಲ್ಲಿ ಕಾರು ಜೋಡಿಸುವುದು ಎಂಬತ್ತರಲ್ಲಿ ನಿಂತಿತು. ಆಮೇಲೆ ಕೆಲವರು ಸೇರಿ ಹಳೆಯ ಕಾರುಗಳ ಕ್ಲಬ್ಬು ಕಟ್ಟಿಕೊಂಡೆವು. ಅಲ್ಲಿ ಎಲ್ಲ ವಾದಗಳೂ ಕೊನೆಗೆ ಟಿಆರ್5ಕ್ಕೆ ಬಂದು ನಿಲ್ಲುತ್ತಿದ್ದವು. ಮಾಡು ಮಡಚುವ ಎರಡು ಸೀಟಿನ ಕಾರು. ಅರವತ್ತೇಳರಲ್ಲಿ ಶುರುವಾಗಿ ಒಂದು ವರ್ಷ ಚಿಲ್ಲರೆಗೇ ಮುಗಿದುಹೋಯಿತು. ನಮ್ಮ ದೇಶಕ್ಕೂ ಯುರೋಪಿಗೂ ಮಾಡಿದವಕ್ಕೆ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಇಂಜೆಕ್ಷನ್ ಇತ್ತು. ಅಮೆರಿಕದ ಹೊಗೆ ಕಾನೂನಿಗೆ ಅದು ಒಗ್ಗದೆಂದು ಅಲ್ಲಿಗೆ ಹೋದವಕ್ಕೆ ಎರಡು ಕಾರ್ಬ್ಯುರೇಟರ್ ಕೂರಿಸಿ, ಮೂತಿಗೆ ಅಡ್ಡಪಟ್ಟೆ ಅಂಟಿಸಿ, ಟಿಆರ್250 ಎಂದು ಹೆಸರಿಟ್ಟರು. ಸ್ಟೀರಿಂಗ್ ಎಡಕ್ಕೆ. ಉಳಿದಂತೆ ಮೈ ಅದೇ, ಜೋಡಿಸಿದ ಸಾಲು ಅದೇ, ಕೈಗಳೂ ಅವೇ. ಸಂಖ್ಯೆ ಮಾತ್ರ ಬೇರೆ: ನಮ್ಮವು ಸಿಪಿ ಎಂದು ಶುರು, ಅಮೆರಿಕದವು ಸಿಡಿ ಎಂದು. ಅಮೆರಿಕಕ್ಕೆ ಹೋದವು ಸಾವಿರಾರು, ಇಲ್ಲಿ ಉಳಿದವು ಕೈಬೆರಳಲ್ಲಿ ಎಣಿಸುವಷ್ಟಲ್ಲದಿದ್ದರೂ ಬಹಳ ಕಡಿಮೆ. ಹಾಗಾಗಿ ನಿಜವಾದ ಟಿಆರ್5 ಅಂದರೆ ಜನ ಹಂಬಲಿಸುತ್ತಿದ್ದರು.

ನಿಜವಾದದ್ದು ಯಾವುದೆಂದು ಹೇಳುವವಳು ಹೆಟ್ಟಿ. ಅವಳ ಊಟದ ಮೇಜಿನ ಪಕ್ಕದ ಕಪಾಟಿನಲ್ಲಿ ಒಂಬತ್ತು ಬೂಟಿನ ಡಬ್ಬಗಳಿದ್ದವು. ಒಂದೊಂದು ಕಾರಿಗೆ ಒಂದೊಂದು ಕಾರ್ಡು: ಸಂಖ್ಯೆ, ಬಣ್ಣ, ಮೊದಲ ಒಡೆಯ, ಈಗ ಎಲ್ಲಿದೆ, ಸತ್ತಿದ್ದರೆ ಹೇಗೆ ಸತ್ತಿತು. ಹಳ್ಳಿಹಳ್ಳಿಯ ಗ್ಯಾರೇಜುಗಳಿಗೆ ಕಾಗದ ಬರೆದು ಹನ್ನೊಂದು ವರ್ಷದಲ್ಲಿ ಕೂಡಿಹಾಕಿದ್ದಳು. ಜೊತೆಗೆ ಕೂತು ಕೂಡಿಹಾಕಿದವನು ಲಯನೆಲ್ ಪ್ರೂಯಿಟ್.

ಲಯನೆಲ್ ಕಾರ್ಖಾನೆಯಲ್ಲಿ ಹೊಸ ಕಾರುಗಳನ್ನು ರಸ್ತೆಗಿಳಿಸಿ ಓಡಿಸಿ ನೋಡುತ್ತಿದ್ದವನು. ಆಮೇಲೆ ಊರಾಚೆಯ ಒಂದು ಹಳೆಯ ಹಾಲಿನ ಡೈರಿಯನ್ನು ಬಾಡಿಗೆಗೆ ಹಿಡಿದು ಹಳೆಯ ಕಾರುಗಳ ರಿಪೇರಿ ನಡೆಸುತ್ತಿದ್ದ. ಒಳ್ಳೆಯ ಮಾತುಗಾರ. ಗುರುವಾರ ಗುರುವಾರ ಮಧ್ಯಾಹ್ನ ಹೆಟ್ಟಿಯ ಮನೆಗೆ ಬಂದು, ಅವಳು ಕರಿದ ಆಲೂಗಡ್ಡೆ ತಿನ್ನುತ್ತ, ಕಾರ್ಡುಗಳನ್ನು ಟೈಪು ಮಾಡಿಕೊಡುತ್ತಿದ್ದ.

"ಹೆಟ್ಟೀ, ನಿನ್ನ ಬೆರಳುಗಳಿಗೆ ವಿಮೆ ಮಾಡಿಸಬೇಕು ಕಣೆ" ಎನ್ನುತ್ತಿದ್ದ.

"ಮೊದಲು ನಿನ್ನ ಬಾಯಿಗೆ ಬೀಗ ಮಾಡಿಸೋಣ. ಆ ತಟ್ಟೆ ಈಚೆ ತಳ್ಳು, ಕಾರ್ಡಿಗೆ ಎಣ್ಣೆ ಆಗತ್ತೆ."

ಹೆಟ್ಟಿಯ ಗಂಡ ಹೊರೇಸ್ ಶ್ವಾಸಕೋಶದ ಕಾಯಿಲೆಯಿಂದ ಮಲಗಿದಾಗ, ಎಂಟು ತಿಂಗಳು, ವಾರಕ್ಕೆ ಮೂರು ಸಲ, ಅವನನ್ನು ಆಸ್ಪತ್ರೆಗೆ ಕರೆದೊಯ್ದು ತಂದವನು ಲಯನೆಲ್. ಮೆಟ್ಟಿಲಿಳಿಯಲಾಗದ ದಿನ ಹೆಗಲ ಮೇಲೆ ಹಾಕಿಕೊಂಡು ಇಳಿಸಿದ್ದಾನೆ. ಹೊರೇಸ್ ತೀರಿಕೊಂಡದ್ದು ಎಂಬತ್ತಾರರಲ್ಲಿ. ಅವನ ಹಸಿರು ಟಿಆರ್5 ಮನೆಯ ಪಕ್ಕದ ಶೆಡ್ಡಿನಲ್ಲಿತ್ತು. ಹೆಟ್ಟಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಕೇಳಿಕೊಂಡು ಬಂದ ನಾಲ್ಕೈದು ಜನರನ್ನು ವಾಪಸು ಕಳಿಸಿ, ಬೀಗದ ಕೈಯನ್ನು ಲಯನೆಲ್ ಕೈಗಿಟ್ಟಳು.

"ದುಡ್ಡು ಬೇಡ. ಬಿಚ್ಚಬೇಡ, ಮಾರಬೇಡ. ಓಡಿಸು. ಓಡಿಸಿದಾಗ ನನಗೆ ಬಂದು ಹೇಳು, ಅಷ್ಟೇ" ಎಂದಳು.

ಅವನು ಹೇಳುತ್ತಿದ್ದ. ಮೊದಲ ವರ್ಷ ಎರಡು ಸಲ ಅವಳನ್ನು ಕೂರಿಸಿಕೊಂಡು ಸುತ್ತಾಡಿಸಿಯೂ ಬಂದ. ಆಮೇಲೆ ಕಾರನ್ನು ಲಡ್ಲೋದಲ್ಲಿದ್ದ ತಂಗಿಯ ಮನೆಯಲ್ಲಿಟ್ಟಿದ್ದೇನೆ, ಅಲ್ಲಿ ತೇವ ಕಡಿಮೆ ಎಂದ. ಭಾನುವಾರ ವೇಲ್ಸಿನ ಗುಡ್ಡದ ದಾರಿಯಲ್ಲಿ ಹೋದದ್ದು, ಕುರಿಗಳು ಅಡ್ಡ ಬಂದದ್ದು, ಮೂರನೆಯ ಗೇರಿನಲ್ಲಿ ಎಂಜಿನ್ನು ಹೇಗೆ ಹಾಡಿತು ಎನ್ನುವುದು, ಎಲ್ಲವನ್ನೂ ಗುರುವಾರ ವರ್ಣಿಸುತ್ತಿದ್ದ. ಹೆಟ್ಟಿ ಬೆರಳಿನ ನಡುವೆ ಕಾರ್ಡು ಹಿಡಿದುಕೊಂಡೇ ಕೇಳುತ್ತಿದ್ದಳು.

ಎಂಬತ್ತೆಂಟರಿಂದ ಅವಳಿಗೆ ಸೊಂಟದ ನೋವು ಹೆಚ್ಚಾಗಿ ದೂರದ ಊರುಗಳಿಗೆ ಹೋಗಿ ಕಾರು ನೋಡುವುದು ನಿಂತಿತು. ಲಯನೆಲ್ ಹೋಗಿ ನೋಡಿ ಬರುತ್ತಿದ್ದ. ಅವನು ತಂದ ವಿವರವನ್ನು ಕಾರ್ಡಿಗೆ ತಾಳೆ ಹಾಕಿ, "ನಮ್ಮ ದಾಖಲೆಯ ಪ್ರಕಾರ ಇದು ನಿಜವಾದ ಟಿಆರ್5" ಎಂಬ ಪತ್ರಕ್ಕೆ ಅವಳು ಸಹಿ ಹಾಕುತ್ತಿದ್ದಳು. ಆ ಸಹಿ ಇದ್ದರೆ ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ.

ತೊಂಬತ್ತೆರಡರ ಏಪ್ರಿಲ್ಲಿನ ಒಂದು ಶನಿವಾರ, ಬರ್ನಡೆಟ್ ಕಾಯ್ಲ್ ಎಂಬಾಕೆ ತಿಳಿನೀಲಿ ಕಾರೊಂದನ್ನು ತಂದು ಹೆಟ್ಟಿಯ ಮನೆಯ ಮುಂದೆ ನಿಲ್ಲಿಸಿದಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು; ನಲವತ್ತರ ಆಸುಪಾಸು, ಅಗಲ ಮುಖ, ದೊಡ್ಡ ನಗು. ಕೈಯಲ್ಲಿ ಪ್ಲಮ್ ಕೇಕಿನ ಡಬ್ಬ.

"ಮಿಸೆಸ್ ಗಾರ್ಲಿಕ್, ನೀವು ನನಗೆ ಗೊತ್ತಿಲ್ಲ, ಆದ್ರೆ ನಿಮ್ಮ ಸಹಿ ನಮ್ಮನೆ ಗೋಡೆ ಮೇಲಿದೆ, ಫ್ರೇಮ್ ಹಾಕ್ಸಿದ್ದೀನಿ" ಎಂದಳು. "ನಮ್ಮಪ್ಪ ಕ್ಯಾನ್ಲೀಲಿ ಚಕ್ರ ಹಾಕ್ತಿದ್ರು. ಬದುಕಿರೋವರೆಗೂ ಸೈಕಲ್ ಬಿಟ್ಟು ಬೇರೆ ಕೊಳ್ಳಕ್ಕಾಗ್ಲಿಲ್ಲ. ಇದನ್ನ ತಗೊಂಡ ದಿನ ಅವರ ಗೋರಿ ಹತ್ರ ಹೋಗಿ ಹಾರ್ನ್ ಹೊಡೆದು ಬಂದೆ. ಪಾದ್ರಿಗಳು ಬೈದ್ರು."

ಹೆಟ್ಟಿ ನಕ್ಕಳು. ಸೀಟು ಸವರಿದಳು, ಹೊಸ ಹೊದಿಕೆ, ಅದರಲ್ಲಿ ಓದುವುದಕ್ಕೇನೂ ಇರಲಿಲ್ಲ. ಬಲಬಾಗಿಲಿನ ಗಾಜು ಗಡಗಡ ಅನ್ನುತ್ತದೆ ಎಂದು ಬರ್ನಡೆಟ್ ಹೇಳಿದಾಗ, "ಅದೇನು ಮಹಾ, ಒಳಗಿನ ಹಲಗೆ ಬಿಚ್ಚಿದ್ರೆ ಐದು ನಿಮಿಷ" ಎಂದು ಹೆಟ್ಟಿಯೇ ಸ್ಕ್ರೂ ತಿರುಪುಳಿ ತಂದಳು.

ಹಲಗೆ ಕಳಚಿ ಬಂತು. ಅದರ ಬೆನ್ನಿಗೆ ನೀಲಿ ಮೇಣದ ಕಡ್ಡಿಯಲ್ಲಿ ದೊಡ್ಡದಾಗಿ ಬರೆದ ಇಂಗ್ಲಿಷಿನ 'ಯು' ಅಕ್ಷರ. ಬಲತುದಿಗೆ ಒಂದು ಬಾಲ.

ಅದು ಊನಾ ಬರೆದದ್ದು. ಹೆಟ್ಟಿಯ ಪಕ್ಕದ ಮೇಜಿನಲ್ಲಿದ್ದ ಐರಿಷ್ ಹುಡುಗಿ. ಅಮೆರಿಕಕ್ಕೆ ಹೋಗುವ ಹಲಗೆಗಳು ಬೇರೆಯವುಗಳ ಜೊತೆ ಬೆರೆಯಬಾರದೆಂದು ತನ್ನಷ್ಟಕ್ಕೆ ಹಾಗೆ ಗುರುತು ಹಾಕುತ್ತಿದ್ದಳು. ಯಾರೂ ಹೇಳಿದ್ದಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಅವಳು ಎಪ್ಪತ್ತರಲ್ಲೇ ಮದುವೆಯಾಗಿ ಗಾಲ್ವೇಗೆ ಹೋಗಿಬಿಟ್ಟಿದ್ದಳು.

ಹೆಟ್ಟಿ ಗಾಜಿನ ಕೆಳಗಿನ ರಬ್ಬರು ಸರಿಮಾಡಿ ಹಲಗೆ ಮುಚ್ಚಿದಳು. "ಹಲಗೆ ಯಾವ ಕಾರಿನಿಂದ ಯಾವ ಕಾರಿಗೆ ಬೇಕಾದ್ರೂ ಬರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ" ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಆದರೂ ಬರ್ನಡೆಟ್‌ಗೆ, "ಮುಂದಿನ ಶನಿವಾರ ಇನ್ನೊಂದ್ಸಲ ತರ್ತೀಯಾ ಮಗಳೇ? ನಮ್ಮ ಸಿರಿಲ್ ಬಣ್ಣ ನೋಡ್ಲಿ" ಎಂದಳು.

ಮುಂದಿನ ಶನಿವಾರ ನಾನು ಹೋದೆ. ಮೊದಲು ಕೆಳಗೆ ತೂರಿ ನೆಲದ ತಗಡು ನೋಡಿದೆ. ನಮ್ಮ ಊರಿನ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಎರಚುವ ಉಪ್ಪು ಯಾವ ಕಾರನ್ನೂ ತುಕ್ಕು ಹಿಡಿಸದೆ ಬಿಡುವುದಿಲ್ಲ. ಇಪ್ಪತ್ತನಾಲ್ಕು ವರ್ಷದ ಕಾರಿನ ನೆಲ ತೇಪೆ ಹಾಕಿದ ಚಡ್ಡಿಯಂತಿರಬೇಕು. ಇದರದು ಹುಟ್ಟಿದ ದಿನದ ಹಾಗಿತ್ತು.

"ಇದು ಎಲ್ಲಿತ್ತಂತೆ?" ಎಂದು ಕೇಳಿದೆ.

"ನಾರ್ಫಕ್‌ನಲ್ಲಿ ಒಣ ಕೊಟ್ಟಿಗೇಲಿ ಅಂದ್ರು ಮಿಸ್ಟರ್ ಪ್ರೂಯಿಟ್" ಎಂದಳು ಬರ್ನಡೆಟ್. ಅವಳ ನಗು ಅಷ್ಟರಲ್ಲೇ ಅರ್ಧ ಇಳಿದಿತ್ತು. "ಏನಾದ್ರೂ ತೊಂದ್ರೆನಾ?"

ಅವಳನ್ನು ಕೇಳಿಯೇ, ಮುಂಚಕ್ರದ ಕಮಾನಿನ ಮೇಲೆ ಹೆಬ್ಬೆರಳಗಲ ಜಾಗವನ್ನು ನೀರಲ್ಲದ್ದಿದ ಮರಳುಕಾಗದದಿಂದ ಉಜ್ಜತೊಡಗಿದೆ. ಹೊಸ ನೀಲಿ ಹೋಯಿತು. ಅಡಿಬಳಿತ ಹೋಯಿತು. ಅದರ ಕೆಳಗೆ ನಮ್ಮ ಕಾರ್ಖಾನೆಯ ಬಿಳಿ ಬಣ್ಣ. ಆ ಬಿಳಿ ಒಂದು ಕಡೆ ಬಿಸಿಲಿಗೆ ಸುಟ್ಟು ಸುಣ್ಣವಾಗಿತ್ತು. ಇನ್ನೊಂದು ಕಡೆ ನಾನೇ ನಿನ್ನೆ ಬಳಿದಂತೆ ಹಾಲುಬಿಳಿ. ನಡುವೆ ಗೆರೆ ಎಳೆದಂತೆ ನೇರ ಅಂಚು. ಪಟ್ಟೆಯ ಅಂಚು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಮೂತಿಯಿಂದ ಚಕ್ರದ ಕಮಾನಿನವರೆಗೆ ಪಟ್ಟೆ ಇದ್ದ ಜಾಗವದು. ಅಂಥ ಬಿಸಿಲು ನಾರ್ಫಕ್‌ನಲ್ಲಿಲ್ಲ. ನಾನು ಹೆಟ್ಟಿಯ ಮುಖ ನೋಡಿದೆ. ಅವಳಿಗೆ ನಾನು ಹೇಳಬೇಕಾಗಿರಲಿಲ್ಲ.

ಬಾನೆಟ್ ಒಳಗಿನ ಸಂಖ್ಯೆಯ ತಗಡಿನಲ್ಲಿ ಸಿಪಿ 1846 ಎಂದಿತ್ತು. ಹೆಟ್ಟಿ ಒಳಗೆ ಹೋಗಿ ಕಾರ್ಡು ತಂದಳು. ಟೈಪು ಮಾಡಿದ ಶುಭ್ರವಾದ ಕಾರ್ಡು: ನಾರ್ಫಕ್, ಒಣ ಕೊಟ್ಟಿಗೆ, ತಿಳಿನೀಲಿ.

"ಇದು ನಾನು ಬರೆಸಿದ ಕಾರ್ಡಲ್ಲ" ಎಂದಳು.

ಕಾರ್ಡಷ್ಟನ್ನೇ ನಂಬುವ ಹೆಂಗಸಲ್ಲ ಅವಳು. ಬಂದ ಮೂಲ ಕಾಗದಗಳನ್ನೆಲ್ಲ ಮಹಡಿಯ ಮೇಲೆ ಬಿಸ್ಕತ್ತಿನ ಡಬ್ಬಿಗಳಲ್ಲಿಟ್ಟಿದ್ದಳು. ಲಯನೆಲ್‌ಗೆ ಅದು ಗೊತ್ತಿರಲಿಲ್ಲ, ಅಥವಾ ಮರೆತಿದ್ದ. ಒಂದು ಗಂಟೆ ಹುಡುಕಿದಳು. ಬರ್ನಡೆಟ್ ಅಡುಗೆಮನೆಯಲ್ಲಿ ಆರಿಹೋದ ಚಹಾದ ಮುಂದೆ ಕೂತಿದ್ದಳು. ಹೆಟ್ಟಿ ಕಟಕಟೆ ಹಿಡಿದು ಮೆಟ್ಟಿಲಿಳಿದು ಬಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟಳು. ಲಿಂಕನ್‌ಶೈರಿನ ರೈತನೊಬ್ಬ ಎಂಬತ್ತೊಂದರಲ್ಲಿ ಬರೆದದ್ದು: ಅಮ್ಮಾ, ನೀವು ಕೇಳಿದ ಕಾರು, ಸಿಪಿ 1846, ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಸಂಖ್ಯೆಯ ತಗಡು ಮಾತ್ರ ಉಳಿದಿತ್ತು. ನಿಮ್ಮ ಗೆಳೆಯರು ಬಂದು ಕೇಳಿದರು, ಕೊಟ್ಟೆ.

"ನಿಮ್ಮ ಗೆಳೆಯರು" ಎಂದು ಹೆಟ್ಟಿ ಇನ್ನೊಮ್ಮೆ ಓದಿದಳು. "ಹನ್ನೊಂದು ವರ್ಷದ ಹಿಂದೆ. ಆಗಲೇ ತಂದಿಟ್ಕೊಂಡಿದ್ದ. ಈ ಕಾಗದ ಬಂದಾಗ ಕೇಳಿದ್ದೆ, ಆ ತಗಡು ಕರಗಿಹೋಗಿತ್ತು, ಎಸೆದೆ ಅಂದ."

ಬರ್ನಡೆಟ್ ಅಳಲಿಲ್ಲ. "ಹಾಗಾದ್ರೆ ನಾನು ಅಪ್ಪನಿಗೆ ಏನು ತೋರಿಸಿ ಬಂದೆ?" ಎಂದು ಕೇಳಿದಳು.

ಸೋಮವಾರ ಬೆಳಿಗ್ಗೆ ಹೆಟ್ಟಿಯನ್ನು ಲಯನೆಲ್‌ನ ಡೈರಿಗೆ ಕರೆದುಕೊಂಡು ಹೋದವನು ನಾನೇ. ಒಂದು ಮಾತು ಹೇಳಿಬಿಡಬೇಕು: ನನ್ನದೂ ಒಂದು ಕಾರು, ಟಿಆರ್4, ಆರು ವರ್ಷದಿಂದ ಸೇರಿಸಿದ ಬಿಡಿಭಾಗಗಳ ಸಮೇತ, ಅಲ್ಲೇ ಹಿಂದಿನ ಮೂಲೆಯಲ್ಲಿ ಕಟ್ಟೆಯ ಮೇಲಿತ್ತು. ಲಯನೆಲ್ ಅದನ್ನು ಗೆಳೆತನಕ್ಕೆ ಮಾಡಿಕೊಡುತ್ತಿದ್ದ.

ಅವನು ಕೈ ಒರೆಸಿಕೊಳ್ಳುತ್ತ ಎದುರು ಬಂದ. "ಓಹೋ, ಮಹಾರಾಣಿಯವರೇ ಬಂದ್ರಾ! ಗುರುವಾರದವರೆಗೆ ತಡೆಯಕ್ಕಾಗ್ಲಿಲ್ವಾ?"

"ಸಿಪಿ ಹದಿನೆಂಟು ನಲವತ್ತಾರು" ಎಂದಳು ಹೆಟ್ಟಿ.

"ಆ ನರ್ಸಮ್ಮನ ಕಾರಾ? ಚೆನ್ನಾಗಿ ಓಡ್ತಿದೆಯಲ್ಲ?"

"ಅದು ಸುಟ್ಟುಹೋದ ಕಾರು ಲಯನೆಲ್. ಆ ರೈತನ ಕಾಗದ ನನ್ನ ಹತ್ರ ಇದೆ."

ಅವನು ಒರೆಸುವುದನ್ನು ನಿಲ್ಲಿಸಿದ. ನನ್ನ ಕಡೆ ನೋಡಿದ, ಮತ್ತೆ ಅವಳ ಕಡೆ.

"ಎಷ್ಟು ಕಾರು ಹೀಗೆ ಮಾಡಿದ್ದೀಯ?"

"ಕೂತ್ಕೋ, ನಿನ್ನ ಸೊಂಟ..."

"ನನ್ನ ಸೊಂಟದ ಚಿಂತೆ ನಿಂಗೆ ಬೇಡ. ಎಷ್ಟು?"

"ಏಳು" ಎಂದ. ಆಮೇಲೆ ಅವನ ಮಾತು ಬಿಚ್ಚಿಕೊಂಡಿತು. "ಯಾರಿಗೆ ಏನು ಕೆಡುಕಾಯ್ತು ಹೇಳು. ಕ್ಯಾಲಿಫೋರ್ನಿಯಾದಲ್ಲಿ ಕೋಳಿ ಕೂರ್ತಿದ್ದ ಕಾರನ್ನ ನಾನು ಮನೆಗೆ ಕರ್ಕೊಂಡು ಬಂದೆ. ಇಲ್ಲೇ ಹುಟ್ಟಿದ್ದು ಅವು. ಸೀಟು ಹೊಲಿದವಳು ನೀನು, ಬಣ್ಣ ಬಳಿದವನು ಈ ಸಿರಿಲ್, ಮೊದಲ ಸಲ ಓಡಿಸಿದವನು ಬಹುಶಃ ನಾನೇ. ಒಂದು ತಗಡು ಬದಲಾಯಿಸಿದೆ. ಕೊಂಡವರೆಲ್ಲ ಖುಷಿಯಾಗಿದ್ದಾರೆ. ಸುಳ್ಳು ಎಲ್ಲಿದೆ?"

"ನನ್ನ ಸಹೀಲಿದೆ."

"ಅದೇ ಕಣೆ! ನಿನ್ನ ಹೆಸರು ಕಂಡ್ರೆ ಜನ ಕಣ್ಣು ಮುಚ್ಕೊಂಡು ನಂಬ್ತಾರೆ. ನನ್ನ ಹೆಸರನ್ನ ಯಾರು ನಂಬ್ತಾರೆ?"

ಅದನ್ನು ಹೊಗಳಿಕೆಯಂತೆಯೇ ಹೇಳಿದ. ಹೆಟ್ಟಿ ಒಂದು ಹೆಜ್ಜೆ ಹಿಂದೆ ಸರಿದಳು, ಕೈ ಆಸರೆ ಹುಡುಕಿತು, ಗೋಡೆಯ ಬದಿಯಲ್ಲಿ ಟಾರ್ಪಾಲು ಹೊದಿಸಿದ ಏನೋ ಒಂದರ ಮೇಲೆ ಬಿತ್ತು. ಟಾರ್ಪಾಲು ಜಾರಿತು. ಕೆಳಗೆ ಎಂಜಿನ್ನಿಲ್ಲದ, ಸ್ಟೀರಿಂಗಿಲ್ಲದ, ಮೀಟರುಗಳ ಹಲಗೆಯಿಲ್ಲದ ಒಂದು ಹಸಿರು ಮೈ. ಒಳಗೆ ಒಂದೇ ಸೀಟು. ಬೆನ್ನು ನೋವಿದ್ದ ಹೊರೇಸ್‌ಗೆಂದು ಹೆಟ್ಟಿ ಎರಡು ಪದರ ಹೆಚ್ಚು ತುಂಬಿಸಿ ಮನೆಯಲ್ಲೇ ಕೂತು ಹೊಲಿದಿದ್ದ ಸೀಟು.

ಅವಳು ಬಗ್ಗಿ ಆ ಹೊಲಿಗೆಗೆ ಬೆರಳಿಟ್ಟಳು.

"ಬಲಗಡೆ ಸ್ಟೀರಿಂಗಿನ ಸಾಮಾನು ಸಿಗಲ್ಲ ಹೆಟ್ಟಿ" ಎಂದ ಲಯನೆಲ್, ಈಗ ತಗ್ಗಿದ ದನಿಯಲ್ಲಿ. "ಇಂಜೆಕ್ಷನ್ನೂ ಸಿಗಲ್ಲ. ಮೊದಲನೇ ಕಾರಿಗೆ ಬೇಕಾಯ್ತು. ಆಮೇಲೆ ವಾಪಸ್ ಹಾಕೋಣ ಅಂದ್ಕೊಂಡಿದ್ದೆ. ದೇವರಾಣೆ."

"ಯಾವಾಗ ಬಿಚ್ಚಿದೆ?"

"ಎಂಬತ್ತೆಂಟರಲ್ಲಿ."

"ಹೋದ ವಾರ ವೇಲ್ಸಿಗೆ ಹೋಗಿದ್ದೆ ಅಂದೆ. ಸೇತುವೆ ಹತ್ರ ನಿಲ್ಲಿಸಿ ಮೀನು ಹುರಿದದ್ದು ತಿಂದೆ ಅಂದೆ."

"ನಿಂಗೆ ಖುಷಿಯಾಗ್ತಿತ್ತಲ್ಲ" ಎಂದ ಅವನು. "ಅದಕ್ಕೆ ಹೇಳ್ದೆ."

ಹೆಟ್ಟಿ ಜಾರಿದ ಟಾರ್ಪಾಲನ್ನು ಎತ್ತಿ ಮತ್ತೆ ಸರಿಯಾಗಿ ಹೊದಿಸಿದಳು. ನಾಲ್ಕೂ ಮೂಲೆ ಎಳೆದು ಬಿಟ್ಟಳು. "ಸಿರಿಲ್, ಮನೆಗೆ ಹೋಗೋಣ" ಎಂದಳು. ದಾರಿಯುದ್ದಕ್ಕೂ ಒಂದೇ ಒಂದು ಮಾತಾಡಿದಳು: "ನಾಲ್ಕು ವರ್ಷ, ಸಿರಿಲ್. ಪ್ರತಿ ಗುರುವಾರ. ನಮ್ಮನೆ ಅನ್ನ ತಿಂತಾ ಕುರಿಗಳ ಬಣ್ಣ ಸಮೇತ ಹೇಳ್ತಿದ್ದ."

ಕ್ಲಬ್ಬಿನ ಸಮಿತಿ ಸೇರಿದ್ದು ಹದಿನೈದು ದಿನಗಳ ಮೇಲೆ, ಒಂದು ಪಬ್ಬಿನ ಮಹಡಿಯ ಕೋಣೆಯಲ್ಲಿ, ಮಧ್ಯಾಹ್ನ ಮೂರಕ್ಕೆ. ಹೆಟ್ಟಿ, ಲಯನೆಲ್, ನಾನೂ ಸೇರಿ ಎಂಟು ಜನ. ಅಧ್ಯಕ್ಷ ಗಾಡ್‌ಫ್ರೀ ಸ್ಪಿಂಕ್ ಮೊದಲು ವಿಮೆ ಕಂಪನಿಯೊಂದರಲ್ಲಿದ್ದವನು. ಯಾವ ವಿಷಯವನ್ನೂ ಮೃದುವಾದ ಬಟ್ಟೆಯಲ್ಲಿ ಸುತ್ತಿಯೇ ಮುಟ್ಟುವವನು. ಹೆಟ್ಟಿ ನಿಂತು ಎಲ್ಲ ಹೇಳಿದಳು: ನೀಲಿ ಅಕ್ಷರ, ನೆಲದ ತಗಡು, ಪಟ್ಟೆಯ ಗುರುತು, ರೈತನ ಕಾಗದ, ಏಳು ಕಾರು.

ಗಾಡ್‌ಫ್ರೀ ಕನ್ನಡಕ ತೆಗೆದ. "ಹೆಟ್ಟಿಯವರೇ, ನಿಮ್ಮ ಮೇಲೆ ನಮಗೆಲ್ಲ ಎಷ್ಟು ಗೌರವ ಅಂತ ನಿಮಗೇ ಗೊತ್ತು. ಒಂದು ಸಣ್ಣ ವಿಷಯ. ಈ ಏಳು ಪತ್ರಕ್ಕೆ ಸಹಿ ಯಾರದು?"

"ನನ್ನದು. ಅದಕ್ಕೇ ನಿಂತು ಹೇಳ್ತಿದ್ದೀನಿ."

ಲಯನೆಲ್ ತಲೆ ತಗ್ಗಿಸಿ ಕೂತಿದ್ದ. ಈಗ ತಲೆಯೆತ್ತಿದ. ಡೈರಿಯಲ್ಲಿ ಏಳು ಎಂದು ಒಪ್ಪಿಕೊಂಡವನು ಇವನೇನಾ ಅನ್ನುವ ಹಾಗೆ, ದುಃಖದ ದನಿಯಲ್ಲಿ ಹೇಳಿದ: "ನಾನು ಕಾರು ನೋಡಿ ಬಂದು ಕಂಡದ್ದು ಹೇಳ್ತಿದ್ದೆ. ತೀರ್ಮಾನ ಯಾವಾಗ್ಲೂ ಹೆಟ್ಟಿದೇ. ಹೊರೇಸ್ ಹೋದಮೇಲೆ ಅವಳಿಗೆ... ಹೇಗೆ ಹೇಳ್ಲಿ... ಮರೆವು ಜಾಸ್ತಿ ಆಗಿದೆ. ಕಾರ್ಡು ಅದಲುಬದಲಾಗ್ತವೆ. ನಾನು ಎಷ್ಟೋ ಸಲ ಯಾರಿಗೂ ಹೇಳದೆ ಸರಿಮಾಡಿದ್ದೀನಿ."

ಹೆಟ್ಟಿ ಅವನನ್ನೇ ನೋಡಿದಳು. ಕೋಣೆಯಲ್ಲಿ ಯಾರೋ ಕೆಮ್ಮಿದರು.

"ಸಿರಿಲ್" ಎಂದ ಗಾಡ್‌ಫ್ರೀ. "ನೀನು ಬಣ್ಣ ಉಜ್ಜಿ ನೋಡಿದೆಯಂತೆ. ಪಟ್ಟೆ ಇತ್ತು ಅಂತ ಪ್ರಮಾಣ ಮಾಡಿ ಹೇಳ್ತೀಯಾ? ಡೈರೀಲಿ ಇವನು ಒಪ್ಪಿಕೊಂಡದ್ದು ಕೇಳಿಸ್ಕೊಂಡೆಯಾ?"

ಲಯನೆಲ್ ನನ್ನನ್ನು ನೋಡಿದ. ಬೆದರಿಕೆಯೇನೂ ಇರಲಿಲ್ಲ ಆ ನೋಟದಲ್ಲಿ. ಒಂದು ವಾರದ ಹಿಂದಷ್ಟೇ ಫೋನು ಮಾಡಿ, "ನಿನ್ನ ಗೇರುಪೆಟ್ಟಿಗೆ ರೆಡಿ ಕಣೋ, ಜೂನಿಗೆ ಕಾರು ರಸ್ತೆಗಿಳಿಯತ್ತೆ" ಎಂದಿದ್ದ. ಅದಷ್ಟೇ.

"ಹಳೇ ಬಣ್ಣ" ಎಂದೆ ನಾನು. "ನೆರಳಿನ ಗುರುತೂ ಆಗಿರಬಹುದು. ಖಚಿತ ಅಂತ ಹೇಳಕ್ಕಾಗಲ್ಲ. ಡೈರೀಲಿ ನಾನು ಸ್ವಲ್ಪ ದೂರ ನಿಂತಿದ್ದೆ."

ಹೆಟ್ಟಿ ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಮಾತು ಬದಲಿಸುತ್ತಿದ್ದೆನೇನೋ ಎಂದು ಎಷ್ಟೋ ದಿನ ಅಂದುಕೊಂಡಿದ್ದೇನೆ. ಬದಲಿಸುತ್ತಿರಲಿಲ್ಲ. ಅವಳು ಕೋಟು ಹಾಕಿಕೊಂಡು ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ದಾಖಲೆಯ ಡಬ್ಬಗಳು ಇನ್ನು ಮುಂದೆ ಸಮಿತಿಯ ವಶದಲ್ಲಿರಲಿ, ಹೆಟ್ಟಿಯವರು ವಿಶ್ರಾಂತಿ ತೆಗೆದುಕೊಳ್ಳಲಿ, ವಿಷಯ ಹೊರಗೆ ಹೋಗುವುದು ಬೇಡ ಎಂದು ಗಾಡ್‌ಫ್ರೀ ಓದಿದ. ಕೈ ಎತ್ತಿದರು. ನಾನೂ ಎತ್ತಿದೆ. ಅವಳು ಆ ಹೊತ್ತಿಗೆ ಮೆಟ್ಟಿಲಿಳಿಯುತ್ತಿದ್ದಳು. ನೋಯುವ ಕಾಲು ಒಂದೊಂದು ಮೆಟ್ಟಿಲಿಗೂ ತಡೆದು ಇಳಿಯುವ ಸದ್ದು ಮೇಲಿನವರೆಗೂ ಕೇಳುತ್ತಿತ್ತು.

ಡಬ್ಬಗಳನ್ನು ತರಲು ಗಾಡ್‌ಫ್ರೀ ಮರುವಾರ ಹೋದಾಗ ಅವಳು ಬಾಗಿಲಲ್ಲೇ ಒಪ್ಪಿಸಿದಳು. ಬಿಸ್ಕತ್ತಿನ ಡಬ್ಬಿಗಳ ಸುದ್ದಿ ಅವನು ಎತ್ತಲಿಲ್ಲ, ಅವಳೂ ಹೇಳಲಿಲ್ಲ.

ಆಮೇಲೆ ಅವಳು ಆ ಡಬ್ಬಿಗಳ ಕಾಗದಗಳಿಂದ ಏಳು ಕಾರನ್ನೂ ಗುರುತಿಸಿ, ಒಡೆಯರಿಗೆ ಏಳು ಕಾಗದ ಬರೆದಳು. ಏಳೂ ಕೈಬರಹದಲ್ಲಿ. ಬರ್ನಡೆಟ್‌ಳದನ್ನು ನಾನು ನೋಡಿದ್ದೇನೆ. "ನಿಮ್ಮ ಕಾರು ನಿಜವಾದ ಟಿಆರ್5 ಎಂದು ನಾನು ಸಹಿ ಹಾಕಿದ್ದೆ. ಅದು ಅಲ್ಲ. ಅಮೆರಿಕಕ್ಕೆಂದು ಮಾಡಿದ ಟಿಆರ್250. ನೋಡದೆ ಸಹಿ ಹಾಕಿದ್ದು ನನ್ನ ತಪ್ಪು. ಬೇರೊಬ್ಬರ ಕಣ್ಣನ್ನು ನಂಬಿದ್ದೆ. ನೀವು ಎಲ್ಲಿ ಬೇಕಾದರೂ ಈ ಕಾಗದ ತೋರಿಸಬಹುದು." ಲಯನೆಲ್‌ನ ಹೆಸರು ಅದರಲ್ಲಿರಲಿಲ್ಲ.

ಉತ್ತರಗಳು ಒಂದೊಂದು ಥರ ಬಂದವು. ಒಬ್ಬ ನಿವೃತ್ತ ಮೇಷ್ಟ್ರು ವಕೀಲರಿಂದ ನೋಟೀಸು ಕಳಿಸಿದ. ಒಬ್ಬ ಕಾಗದವನ್ನು ಹರಿದು ಅದೇ ಲಕೋಟೆಯಲ್ಲಿ ತುಂಬಿ ಹಿಂದಕ್ಕೆ ಹಾಕಿದ. ಡೆವನ್ನಿನವನೊಬ್ಬ, "ಇದು ನನಗೆ ಮೊದಲೇ ಗೊತ್ತಿತ್ತು, ದಯವಿಟ್ಟು ಬೇರೆ ಯಾರಿಗೂ ಹೇಳಬೇಡಿ" ಎಂದು ಬರೆದ. ಹೆಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕೆಡುಕೆನಿಸಿದ್ದು ಅದೇ. ಇಬ್ಬರಿಂದ ಉತ್ತರವೇ ಇಲ್ಲ. ಒಬ್ಬ ಹಾಲೆಂಡಿನವ ಮಾತ್ರ ಮರ್ಯಾದೆಯಿಂದ ವಂದನೆ ಹೇಳಿದ.

ಬರ್ನಡೆಟ್ ಕಾಗದ ಬರೆಯಲಿಲ್ಲ. ನರ್ಸಿನ ಸಮವಸ್ತ್ರದಲ್ಲೇ, ಹೆಟ್ಟಿಯ ಕಾಗದವನ್ನೂ ರೈತನ ಕಾಗದವನ್ನೂ ಹಿಡಿದು, ವ್ಯಾಪಾರದ ಮೋಸಗಳನ್ನು ವಿಚಾರಿಸುವ ಕಚೇರಿಗೆ ಹೋದಳು. ಮೂರು ಸಲ ಹೋದಳು. ಮೂರನೆಯ ಸಲ ಒಬ್ಬ ಅಧಿಕಾರಿ ಡೈರಿಗೆ ಬಂದ. ಅಲ್ಲಿ ಇನ್ನೂ ನಾಲ್ಕು ಸತ್ತ ಕಾರುಗಳ ತಗಡುಗಳು, ಅಕ್ಷರ ಒತ್ತುವ ಅಚ್ಚುಗಳು, ಹೆಟ್ಟಿ ಸಹಿ ಹಾಕಿದ ಎರಡು ಖಾಲಿ ಪತ್ರಗಳು ಸಿಕ್ಕವು. ಖಾಲಿ ಪತ್ರಗಳ ವಿಷಯ ಕೇಳಿ ಹೆಟ್ಟಿ ನೆನಪಿಸಿಕೊಂಡಳು: ಹೊರೇಸ್‌ನ ವರ್ಷದ ದಿನ, "ಟೈಪು ಮಾಡಿ ಆಮೇಲೆ ತುಂಬ್ತೀನಿ, ನೀನು ಇವತ್ತು ಮಲ್ಕೋ" ಎಂದು ಅವನು ಸಹಿ ಹಾಕಿಸಿಕೊಂಡಿದ್ದ.

ಅಧಿಕಾರಿ ನನ್ನನ್ನೂ ಕರೆಸಿದ. ಆಗ ಎಲ್ಲವನ್ನೂ ಹೇಳಿದೆ, ಪಟ್ಟೆ, ಡೈರಿ, ಏಳು. ನನ್ನ ಕಾರು ಇನ್ನು ಅವನ ಕೈಯಲ್ಲಿ ಮುಗಿಯುವಂತಿರಲಿಲ್ಲ; ಹೇಳುವುದರಿಂದ ನನಗೆ ಏನೂ ಹೋಗುವುದಿಲ್ಲ ಅನ್ನುವ ಹೊತ್ತಿಗೆ ಹೇಳಿದೆ. ಲಯನೆಲ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ, ಶಿಕ್ಷೆಯಾಯಿತು, ಡೈರಿ ಮುಚ್ಚಿತು. ಆಮೇಲೆ ತಂಗಿಯ ಹತ್ತಿರ ಲಡ್ಲೋಗೆ ಹೋದನೆಂದು ಕೇಳಿದೆ. ಹೆಟ್ಟಿಗೆ ಅವನಿಂದ ಒಂದು ಸಾಲೂ ಬರಲಿಲ್ಲ.

ಕ್ಲಬ್ಬು ಮಾತ್ರ ಬರೆಯಿತು. ದಾಖಲೆಯ ಕೆಲಸವನ್ನು ಮತ್ತೆ ವಹಿಸಿಕೊಳ್ಳಬೇಕೆಂದು ಗಾಡ್‌ಫ್ರೀ ಮೃದುವಾದ ಭಾಷೆಯಲ್ಲಿ ಎರಡು ಪುಟ ಬರೆದಿದ್ದ. ಅವಳು ಉತ್ತರಿಸಲಿಲ್ಲ. ನಾನು ಅವಳ ಮನೆಗೆ ಹೋದದ್ದು ಅದಾದ ಒಂದು ತಿಂಗಳಿಗೆ, ಅಕ್ಟೋಬರಿನಲ್ಲಿ. ಅವಳು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಒಳಗೆ ಬಾ ಎಂದಳು, ಕೂರು ಎನ್ನಲಿಲ್ಲ.

"ಹೆಟ್ಟಿ, ಆವತ್ತು ನಾನು..."

"ಗೊತ್ತು."

"ಹೆದರಿಕೆ ಅಲ್ಲ. ಅದು..."

"ಹೆದರಿಕೆ ಆಗಿದ್ರೆ ನಂಗೆ ಅರ್ಥ ಆಗ್ತಿತ್ತು" ಎಂದಳು, ಇಸ್ತ್ರಿ ನಿಲ್ಲಿಸದೆ. "ಲಯನೆಲ್ ನಂಗೆ ಮಾಡಿದ್ದು ದೊಡ್ಡದು. ಆದ್ರೆ ಅವನು ವರ್ಷಗಟ್ಲೆ ಕೂತು ಯೋಚಿಸಿ ಮಾಡಿದ. ನೀನು ಒಂದು ನಿಮಿಷದಲ್ಲಿ ಮಾಡಿದೆ ಸಿರಿಲ್. ನಿನ್ನ ಕೈಯಲ್ಲೇ ಉಜ್ಜಿದ ಬಣ್ಣ. ಯಾವುದು ಹೆಚ್ಚು ನೋಯ್ತು ಅಂತ ನಂಗಿನ್ನೂ ತಿಳೀತಿಲ್ಲ."

ಅವಳು ಅಂಗಿಯನ್ನು ಮಡಚಿ ಇಟ್ಟಳು. ಇನ್ನೊಂದನ್ನು ಹಾಸಿದಳು.

"ಬಾಗಿಲು ಎಳ್ಕೊಂಡು ಹೋಗು, ಗಾಳಿ ಬರ್ತಿದೆ" ಎಂದಳು.

ಬರ್ನಡೆಟ್ ಆ ಕಾರನ್ನು ಮಾರಲಿಲ್ಲ. ಮೊದಲ ಚಳಿಗಾಲ ಅದರ ಮುಖ ನೋಡಲೂ ಆಗಲಿಲ್ಲವಂತೆ, ಪಕ್ಕದ ಮನೆಯವರ ಶೆಡ್ಡಿನಲ್ಲಿಟ್ಟಿದ್ದಳು. ಆಮೇಲೆ ಸರ್ಕಾರಿ ಕಾಗದಗಳಲ್ಲಿ ಸರಿಯಾದ ಹೆಸರು, ವರ್ಷ, ಬಂದ ದೇಶ ಬರೆಸಿಕೊಂಡಳು. ಕೆಲವು ಶನಿವಾರ ಅದು ಹೆಟ್ಟಿಯ ಮನೆಯ ಮುಂದೆ ನಿಂತಿರುತ್ತದೆ. ಹೆಟ್ಟಿ ಅದರಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಹೊರೇಸ್‌ನ ಹಸಿರು ಮೈಯನ್ನು ಡೈರಿಯಿಂದ ಯಾರು ಒಯ್ದರೋ ಅವಳು ವಿಚಾರಿಸಲಿಲ್ಲ.

ಪೇಟೆಗೆ ಹೋಗುವ ಬಸ್ಸನ್ನು ನಾವಿಬ್ಬರೂ ಒಂದೇ ನಿಲ್ದಾಣದಲ್ಲಿ ಹಿಡಿಯುತ್ತೇವೆ. ಗುಡ್ ಮಾರ್ನಿಂಗ್ ಹೆಟ್ಟಿ ಎನ್ನುತ್ತೇನೆ. ಗುಡ್ ಮಾರ್ನಿಂಗ್ ಎನ್ನುತ್ತಾಳೆ. ಬಸ್ಸು ಬಂದರೆ ಅವಳು ಮುಂದೆ, ಕಿಟಕಿಯ ಬದಿಗೆ ಕೂರುತ್ತಾಳೆ. ನಾನು ಹಿಂದಕ್ಕೆ ಹೋಗುತ್ತೇನೆ.